ಓಡಬೇಡ ಅಬೀಲಿಯೊನ ಎರಡು ಪಟ್ಟಿಗಳು

ಹೇಳಿದ ಮಾತನ್ನು ಜನ ಕೇಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ನನ್ನ ಅಂಗಡಿ ನಡೆಯುತ್ತಿದೆ. ನಮ್ಮ ಊರು ಸಾಮೋರಾದಲ್ಲಿ ಯಾರು ಯಾರನ್ನು ಊಟಕ್ಕೆ ಕರೆದರೂ "ಏನೂ ತರಬೇಡಿ, ಸುಮ್ಮನೆ ಬನ್ನಿ" ಎನ್ನುತ್ತಾರೆ. ಕರೆಸಿಕೊಂಡವರು "ಆಯ್ತು, ಆಯ್ತು" ಎಂದು ತಲೆಯಾಡಿಸುತ್ತಾರೆ, ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ನನ್ನ ಅಂಗಡಿಯ ಮುಂದೆ ಸಾಲಾಗಿ ನಿಂತಿರುತ್ತಾರೆ. ರಟ್ಟಿನ ತಟ್ಟೆ, ಅದರಲ್ಲಿ ಹನ್ನೆರಡು ಕೆನೆ ಪೇಸ್ಟ್ರಿ, ಮೇಲೆ ಕಾಗದ, ಕಾಗದದ ಮೇಲೆ ದಾರದ ಕಟ್ಟು, ಬೆರಳು ತೂರಿಸಿ ಹಿಡಿದುಕೊಳ್ಳಲು ಒಂದು ಕುಣಿಕೆ. ನಲವತ್ತು ವರ್ಷದಿಂದ ಆ ಕುಣಿಕೆ ಹಾಕಿ ಹಾಕಿ ನನ್ನ ಹೆಬ್ಬೆರಳು ಒಂದು ಪಕ್ಕಕ್ಕೆ ವಾಲಿದೆ. ಬೇಡ ಎಂದದ್ದನ್ನು ನಿಜವೆಂದು ನಂಬಿ ಬರಿಗೈಯಲ್ಲಿ ಹೋದವರನ್ನು ನಾನು ಒಂದೇ ಸಲ ನೋಡಿದ್ದು, ಅದೂ ಅಬೀಲಿಯೊನ ಮನೆಯಲ್ಲಿ.

ಅಬೀಲಿಯೊ ಎಂದರೆ ಅರ್ಧ ಊರಿಗೆ ಗೊತ್ತಾಗುವುದಿಲ್ಲ. ಓಡಬೇಡ ಅಬೀಲಿಯೊ ಎನ್ನಬೇಕು. ನದಿಯ ಪಕ್ಕದ ಈಜುಕೊಳದಲ್ಲಿ ಮೂವತ್ತೊಂದು ಬೇಸಿಗೆ ಅವನು ಕಾವಲುಗಾರನಾಗಿದ್ದ. ಕತ್ತಿನಲ್ಲಿ ಸೀಟಿ, ತಲೆಯ ಮೇಲೆ ಬಿಳಿ ಟೋಪಿ, ಕಾಲಲ್ಲಿ ರಬ್ಬರ್ ಚಪ್ಪಲಿ. ಓಡಬೇಡ, ತಳ್ಳಬೇಡ, ಅಲ್ಲಿಂದ ಹಾರಬೇಡ, ತಿಂದ ಕೂಡಲೇ ಇಳಿಯಬೇಡ: ಬೆಳಿಗ್ಗೆ ಹನ್ನೊಂದರಿಂದ ಸಂಜೆ ಎಂಟರವರೆಗೆ ಅವನ ಬಾಯಲ್ಲಿ ಬೇರೆ ಮಾತಿರಲಿಲ್ಲ. ಮಕ್ಕಳು ಮೂರು ಹೆಜ್ಜೆ ಮೆಲ್ಲಗೆ ಇಟ್ಟು ನಾಲ್ಕನೆಯದಕ್ಕೆ ಮತ್ತೆ ಓಡುತ್ತಿದ್ದರು. ನನ್ನ ಮಗನೂ ಓಡಿದವನೇ, ಬಿದ್ದು ಹಲ್ಲು ಮುರಿದುಕೊಂಡವನೇ. ಅಬೀಲಿಯೊ ಮಾತ್ರ ಬೇಸರವಿಲ್ಲದೆ ಮರುದಿನವೂ ಅದನ್ನೇ ಕೂಗುತ್ತಿದ್ದ. ಮದುವೆಯಾಗಲಿಲ್ಲ. ತಾಯಿಯ ಜೊತೆ ಇದ್ದ, ತಾಯಿ ತೀರಿಕೊಂಡ ಮೇಲೆ ಅದೇ ಮನೆಯಲ್ಲಿ ಒಬ್ಬನೇ ಉಳಿದ. ಒಬ್ಬ ತಮ್ಮನಿದ್ದಾನೆ, ಗಾಸ್ಪರ್. ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ತೋರೊದಲ್ಲಿ ದ್ರಾಕ್ಷಿ ತೋಟ ನೋಡಿಕೊಂಡಿದ್ದವನು. ಅಣ್ಣ ತಮ್ಮ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಯಾಕೆ ಎಂದು ಕೇಳಿದರೆ ಊರಿನ ಜನ "ಮನೆ ವಿಷಯ ಇರಬೇಕು" ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಮಾತ್ರ ಗಮನಿಸಿದ್ದೆ, ಆ ಹನ್ನೊಂದು ವರ್ಷ ಅವನು ತೋರೊ ವೈನನ್ನು ಬಾಯಿಗೆ ಸೋಕಿಸಿರಲಿಲ್ಲ.

ಹೋದ ವರ್ಷ ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಅವನು ಅಂಗಡಿಗೆ ಬಂದು ಕೌಂಟರಿನ ಮುಂದೆ ನಿಂತ. ಬ್ರೆಡ್ ಕೇಳಲಿಲ್ಲ.

"ಫೆಲಿಸಾ ಫೋನ್ ಮಾಡಿದ್ಲು" ಅಂದ. ಫೆಲಿಸಾ ಗಾಸ್ಪರನ ಹೆಂಡತಿ.

"ಏನಂತೆ?"

"ಗಾಸ್ಪರ್‌ಗೆ ಆಪರೇಷನ್ ಆಯ್ತಂತೆ. ಹೊಟ್ಟೆ ಕೊಯ್ದು ನೋಡಿ, ಹಾಗೇ ಹೊಲಿದು ಮನೆಗೆ ಕಳಿಸಿದಾರೆ."

ನಾನು ಕೈಯಲ್ಲಿದ್ದ ಟ್ರೇ ಕೆಳಗಿಟ್ಟೆ. ಹಾಗೇ ಹೊಲಿದು ಕಳಿಸಿದರು ಎಂದರೆ ಏನೆಂದು ನಮ್ಮ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಹೋಗ್ತೀಯಾ?"

"ಅದೇ ಕಣೇ ಗೊತ್ತಾಗ್ತಿಲ್ಲ. 'ಅಬೀಲಿಯೊಗೆ ಹೇಳು, ಬರಬೇಡ ಅಂತ' ಅಂದನಂತೆ. ಫೆಲಿಸಾ ಅಷ್ಟನ್ನೇ ಹೇಳಿದ್ಲು. ಬರಬೇಡ ಅಂದ್ರೆ ಏನು ಕಾಸಿಲ್ದಾ? ಬರಬೇಡ ಅಂತಾನಾ, ಇಲ್ಲಾ ಬಾ ಅಂತಾನಾ?"

ಆಗ ನಾನು ಆಡಿದ ಮಾತನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಂಗಡಿಯಲ್ಲಿ ಜನ ಕಾಯುತ್ತಿದ್ದರು, ಒಲೆಯಲ್ಲಿ ಏನೋ ಸೀಯುತ್ತಿತ್ತು. "ಬರಬೇಡ ಅಂದ್ರೆ ಬರಬೇಡ ಅಂತ. ಅದರಲ್ಲಿ ಅರ್ಥ ಆಗದೇ ಇರೋದು ಏನಿದೆ? ಬೇಡ ಅಂದವರ ಮನೆ ಬಾಗಿಲಿಗೆ ಹೋಗಿ ನಿಲ್ಲೋಕೆ ನಿನಗೇನು ಬಂದಿದೆ?" ಎಂದುಬಿಟ್ಟೆ. ಬೇಡ ಎಂದವರ ಮನೆಗೆ ತಟ್ಟೆಗಟ್ಟಲೆ ಪೇಸ್ಟ್ರಿ ಕಳಿಸಿ ಮನೆ ಕಟ್ಟಿಸಿದ ಹೆಂಗಸು ಆಡುವ ಮಾತೇ ಅದು! ಅವನು ತಲೆಯಾಡಿಸಿ ಬ್ರೆಡ್ ಮರೆತು ಹೋದ.

ಇಷ್ಟು ಸಾಲದೆಂಬಂತೆ ಅದೇ ವಾರ ಅವನ ತಲೆಗೆ ಇನ್ನೊಂದು ಕೆಲಸ ಗಂಟುಬಿತ್ತು. ನನ್ನ ಅಂಗಡಿಯ ಪಕ್ಕದ ಬಾಗಿಲೇ ನಮ್ಮ ಬಡಾವಣೆಯ ಸಂಘದ ಕೋಣೆ. ಹೊರದೇಶದಿಂದ ಬಂದವರಿಗೆ ಅಲ್ಲಿ ಮಂಗಳವಾರ, ಗುರುವಾರ ಸಂಜೆ ನಮ್ಮ ಭಾಷೆ ಕಲಿಸುತ್ತಾರೆ. ವ್ಯಾಕರಣ ಹೇಳಿಕೊಡುತ್ತಿದ್ದ ಹುಡುಗಿ ಹೆರಿಗೆಗೆ ಹೋದಳು. ಅಬೀಲಿಯೊ ಅಲ್ಲಿ ಬರೀ ಮಾತಾಡಿಸುವವನಾಗಿದ್ದ: ಹವಾಮಾನ ಹೇಗಿದೆ, ಮೀನಿಗೆ ಎಷ್ಟಾಯಿತು, ಇಂಥದ್ದು. ಸಂಘದವರು ಅವಳ ಹಾಳೆಗಳನ್ನು ತಂದು ಅವನ ಕೈಗಿಟ್ಟರು. ಮುಂದಿನ ಪಾಠದ ಹೆಸರು ನೋಡಿ ಅವನ ಮುಖ ಸ್ವಲ್ಪ ಅರಳಿತು. "ಬೇಡ ಅನ್ನುವ ಆಜ್ಞೆಗಳು." ಇದಕ್ಕಿಂತ ಚೆನ್ನಾಗಿ ಅವನಿಗೆ ಇನ್ನೇನು ಗೊತ್ತು?

ದಿನದ ಕೊನೆಗೆ ಉಳಿದ ತಿಂಡಿ ತೆಗೆದುಕೊಂಡು ನಾನೂ ಅಲ್ಲಿ ಹೋಗಿ ಕೂರುವುದುಂಟು. ಕಾಲು ನೋಯುತ್ತದೆ, ಮನೆಯಲ್ಲಿ ಟೀವಿ ಬಿಟ್ಟರೆ ಯಾರೂ ಇಲ್ಲ. ಆ ಮಂಗಳವಾರ ಹತ್ತು ಜನ ಇದ್ದರು. ಮುಂದಿನ ಬೆಂಚಿನಲ್ಲಿ ಯಾವಾಗಲೂ ಕೂರುವವರು ಇಬ್ಬರು. ಜಾರ್ಜಿಯಾದ ನತೇಲಾ, ಐವತ್ತರ ಹೆಂಗಸು, ಒಬ್ಬ ಮುದುಕಿಯನ್ನು ಹಗಲು ರಾತ್ರಿ ನೋಡಿಕೊಳ್ಳುವ ಕೆಲಸ. ಗ್ಯಾಂಬಿಯಾದ ಲಮೀನ್, ಮೂವತ್ತು ದಾಟಿದವನು, ತರಕಾರಿ ಗೋದಾಮಿನಲ್ಲಿ ಲಾರಿಗೆ ಸರಕು ತುಂಬುವ ಕೆಲಸ.

ಅಬೀಲಿಯೊ ಹಳೆಯ ಸೀಟಿಯನ್ನೂ ತಂದಿದ್ದ. ಊದಿದ. "ನೊ ಕೊರ್ರಾಸ್!" ಎಂದು ಕೂಗಿದ. ಓಡಬೇಡ ಎಂದು ಅರ್ಥ. ಎಲ್ಲರೂ ನಕ್ಕು ಕೂಗಿದರು. ತಳ್ಳಬೇಡ, ಹಾರಬೇಡ, ಕೂಗಬೇಡ, ಎಲ್ಲವೂ ಆಯಿತು. ಕೋಣೆ ಈಜುಕೊಳವಾಯಿತು. ಆಮೇಲೆ ಲಮೀನ್ ಕೈ ಎತ್ತಿದ.

"ಮೇಷ್ಟ್ರೇ, ಓಡು ಅನ್ನೋಕೆ 'ಕೊರ್ರೆ'. ಓಡಬೇಡ ಅನ್ನೋಕೆ 'ಕೊರ್ರಾಸ್'. ಮಾತಾಡು ಅನ್ನೋಕೆ 'ಆಬ್ಲಾ', ಮಾತಾಡಬೇಡ ಅನ್ನೋಕೆ 'ಆಬ್ಲೆಸ್'. ಎ ಇದ್ದಲ್ಲಿ ಆ ಬರತ್ತೆ, ಆ ಇದ್ದಲ್ಲಿ ಎ ಬರತ್ತೆ. ಬೇಡ ಅಂದ ಕೂಡ್ಲೇ ಪದದ ಬಾಲ ತಿರುಗತ್ತಲ್ಲ, ಯಾಕೆ?"

ಅಬೀಲಿಯೊ ನನ್ನ ಕಡೆ ನೋಡಿದ. ನಾನು ಪೇಸ್ಟ್ರಿಯ ಕಡೆ ನೋಡಿದೆ. ಎಪ್ಪತ್ತೊಂದು ವರ್ಷ ಆಡಿದ ಭಾಷೆ, ಅದರಲ್ಲಿ ಮೂವತ್ತೊಂದು ವರ್ಷ ಬರೀ "ಬೇಡ"ವನ್ನೇ ಕೂಗಿದ್ದಾನೆ. ಬಾಲ ತಿರುಗುವುದನ್ನು ಅವನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ನಾನು ಬಾಯೊಳಗೇ ಹೇಳಿ ನೋಡಿಕೊಂಡೆ. ಹೌದು, ತಿರುಗುತ್ತದೆ.

ಮರುದಿನ ಅವನು ಊರೆಲ್ಲ ಕೇಳಿಕೊಂಡು ಬಂದ. ಔಷಧದಂಗಡಿಯವನನ್ನು ಕೇಳಿದ. ಪಾದ್ರಿಯನ್ನು ಕೇಳಿದ. ಬಾರಿನವನು "ಕಾಫಿ ಕುಡಿದು ಮನೆಗೆ ಹೋಗು ಅಜ್ಜಾ" ಅಂದನಂತೆ. ಸಂಜೆ ನನ್ನ ಕೌಂಟರಿಗೆ ಬಂದಾಗ ಕಣ್ಣು ಕೆಂಪಾಗಿತ್ತು.

"ಕಾಸಿಲ್ದಾ, ಇನ್ನೂ ಕೆಟ್ಟ ಸುದ್ದಿ ಇದೆ. ಬೇಡ ಅನ್ನೋದಕ್ಕೆ ಮಾತ್ರ ಅಲ್ಲ ಕಣೇ ಆ ಬಾಲ. ಮಲಗೋಕೆ ಹೋಗೋರಿಗೆ ಏನಂತೀವಿ? 'ಕೆ ದೆಸ್ಕಾನ್ಸೆಸ್', ನೆಮ್ಮದಿಯಾಗಿ ಮಲಗು ಅಂತ. ಅದಕ್ಕೂ ಅದೇ ಬಾಲ! ಹುಷಾರಾಗು, ನೂರು ವರ್ಷ ಬಾಳು, ಎಲ್ಲಾದಕ್ಕೂ ಅದೇ. 'ಅವನು ಕಾಯ್ತಿರೋ ಹಾಗೆ ನನಗೇನೂ ಕಾಣ್ಸಲ್ಲ' ಅನ್ನು ನೋಡೋಣ. ಅದಕ್ಕೂ ಅದೇ! ಬೈಯೋಕೂ ಅದೇ, ಹರಸೋಕೂ ಅದೇ, ಅನುಮಾನಕ್ಕೂ ಅದೇ. ಇದನ್ನ ಮಾಡಿದವರಿಗೆ ತಲೆ ಸರಿ ಇತ್ತಾ?"

"ನಿನ್ನ ತಲೆ ಸರಿ ಇದೆಯಾ? ತೋರೊಗೆ ಹೋಗ್ತೀಯೋ ಇಲ್ವೋ ಅದನ್ನ ಹೇಳು."

"ನೀನೇ ಬೇಡ ಅಂದ್ಯಲ್ಲ."

"ನಾನು ಅಂದೆ ಅಂತ ಬಿಡ್ತೀಯಾ?"

ಅವನು ನನ್ನನ್ನು ಪಿಳಿಪಿಳಿ ನೋಡಿದ. ನಾನು ತಿರುಗಿ ಒಲೆಯ ಬಾಗಿಲು ತೆರೆದೆ.

ಗುರುವಾರದ ಪಾಠದಲ್ಲಿ ಅವನು "ಯಾಕೆ ಅಂತ ಕೇಳಬೇಡಿ, ಹಾಗೇ ಹೇಳಿ" ಎಂದು ಕಲಿಸಿದ. ನಾಚಿಕೆಯಾಗಿರಬೇಕು, ಕೊನೆಗೆ ನತೇಲಾ ಮತ್ತು ಲಮೀನ್ ಇಬ್ಬರನ್ನೂ ಭಾನುವಾರ ಊಟಕ್ಕೆ ಕರೆದ. ನನ್ನನ್ನೂ ಕರೆದ. ಕರೆಯುವಾಗ ಊರಿನ ಎಲ್ಲರೂ ಹೇಳುವಂತೆ "ಏನೂ ತರಬೇಡಿ" ಅಂದ. ಲಮೀನ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದದ್ದನ್ನು ನಾನು ಕಣ್ಣಾರೆ ನೋಡಿದೆ. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಭಾನುವಾರ ಎರಡೂವರೆಗೆ ಅವನ ಮನೆ ಮೆಟ್ಟಿಲು ಹತ್ತಿದಾಗ ಇಬ್ಬರೂ ಆಗಲೇ ಬಂದು ಕೂತಿದ್ದರು. ಲಮೀನ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ನತೇಲಾ ತಲೆಗೆ ಬಣ್ಣ ಹಾಕಿಸಿಕೊಂಡಿದ್ದಳು. ನಾನು ಬೆರಳಿಗೆ ಸಿಕ್ಕಿಸಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟೆ. ಅಬೀಲಿಯೊ "ಅಯ್ಯೋ, ಯಾಕೆ ತಂದೆ ಮಾರಾಯ್ತಿ, ತರಬೇಡ ಅಂದಿರ್ಲಿಲ್ವಾ" ಎನ್ನುತ್ತಾ ಕತ್ತರಿ ಹುಡುಕಲು ಹೋದ. ನತೇಲಾ ತಟ್ಟೆ ನೋಡಿದಳು. ನನ್ನನ್ನು ನೋಡಿದಳು. ತನ್ನ ಬರಿಗೈ ನೋಡಿಕೊಂಡಳು. ಅವಳ ಮುಖ ಕೆಂಪೇರಿ ಕಿವಿಯವರೆಗೂ ಹೋಯಿತು. ಅವಳ ಊರಿನಲ್ಲಿ ಅತಿಥಿ ಎಂದರೆ ಏನೆಂದು ನನಗೇನು ಗೊತ್ತು? ಆದರೆ ಒಬ್ಬ ಹೆಂಗಸಿಗೆ ಅವಮಾನವಾದರೆ ಅದು ಯಾವ ದೇಶದಲ್ಲೂ ಗೊತ್ತಾಗುತ್ತದೆ.

ಲಮೀನ್ ಹಂದಿ ತಿನ್ನುವುದಿಲ್ಲವೆಂದು ಅಬೀಲಿಯೊ ಉಪ್ಪುಮೀನು ಮಾಡಿದ್ದ, ಬೆಳ್ಳುಳ್ಳಿ ಸುರಿದು. ರುಚಿಯಾಗಿತ್ತು. ಯಾರಿಗೂ ಸರಿಯಾಗಿ ಇಳಿಯಲಿಲ್ಲ. ನತೇಲಾ ತಟ್ಟೆ ಎತ್ತಲು ಎದ್ದರೆ ಅಬೀಲಿಯೊ "ಏಳಬೇಡಿ, ಏಳಬೇಡಿ" ಅಂದ. ಅವಳು ಕೂತಳು. ನಾನು ಎದ್ದು ಎತ್ತಿದೆ. ಅವಳು ಮತ್ತೆ ಕೆಂಪಾದಳು. ಆ ಒಂದು ಊಟದಲ್ಲಿ ಅವನು ಹೇಳಿದ ಮಾತನ್ನು ಅವಳು ನಾಲ್ಕು ಸಲ ಕೇಳಿದಳು, ನಾಲ್ಕು ಸಲವೂ ಕೆಟ್ಟವಳಾದಳು.

ಮಂಗಳವಾರ ಅವಳು ತರಗತಿಗೆ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಳು. ಅಬೀಲಿಯೊ ಒಳಗೆ ಬರುತ್ತಿದ್ದಂತೆ ಶುರು ಮಾಡಿದಳು.

"ಮೇಷ್ಟ್ರೇ, ನೀವು ಕಲಿಸಿದ್ರಿ, ತರಬೇಡ ಅಂದ್ರೆ ತರಬಾರದು. ನೀವೇ ಹೇಳಿದ್ರಿ, ತರಬೇಡಿ. ನಾನು ತರ್ಲಿಲ್ಲ. ಈ ಅಕ್ಕ ತಂದ್ರು. ನೀವು ಖುಷಿಪಟ್ರಿ. ನಾನು ಎರಡು ರಾತ್ರಿ ನಿದ್ದೆ ಮಾಡಿಲ್ಲ. ಹೇಳಿ, ನಿಮ್ಮ ಜನರ ಯಾವ 'ಬೇಡ' ಕೇಳಬೇಕು, ಯಾವ 'ಬೇಡ' ಕೇಳಬಾರದು? ಪಟ್ಟಿ ಕೊಡಿ."

"ಪಟ್ಟಿ ಕೊಡಿ ಮೇಷ್ಟ್ರೇ" ಎಂದ ಲಮೀನ್. ಹಿಂದಿನ ಬೆಂಚಿನವರೂ ಪುಸ್ತಕ ತೆರೆದರು.

ಪಾಪ, ಅಬೀಲಿಯೊ ಬೋರ್ಡಿನ ನಡುವೆ ಗೆರೆ ಎಳೆದ. ಎಡಗಡೆ "ಕೇಳಬೇಕಾದ್ದು" ಎಂದು ಬರೆದ, ಬಲಗಡೆ "ಕೇಳಬಾರದ್ದು" ಎಂದು ಬರೆದ. ಕರೆಂಟು ತಂತಿ ಮುಟ್ಟಬೇಡ, ಎಡಕ್ಕೆ. ಏನೂ ತರಬೇಡಿ, ಬಲಕ್ಕೆ. ಕೊಳದ ಅಂಚಿನಲ್ಲಿ ಓಡಬೇಡ, ಎಡಕ್ಕೆ.

"ಆದ್ರೆ ಆ ಮಾತು ಯಾರೂ ಕೇಳ್ತಿರ್ಲಿಲ್ಲ ಅಂದ್ರಲ್ಲ?" ಎಂದ ಲಮೀನ್.

"ಕೇಳ್ಬೇಕಿತ್ತು!" ಅಂದ ಅಬೀಲಿಯೊ. ಏಳಬೇಡಿ, ಬಲಕ್ಕೆ.

"ಆಸ್ಪತ್ರೆಯಲ್ಲಿ ಡಾಕ್ಟ್ರು ಏಳಬೇಡಿ ಅಂದ್ರೆ?"

ಅಳಿಸಿ ಎಡಕ್ಕೆ ಬರೆದ. ಮತ್ತೆ ಅಳಿಸಿ ನಡುಗೆರೆಯ ಮೇಲೆಯೇ ಬರೆದ. ನೀನು ದುಡ್ಡು ಕೊಡಬೇಡ, ಬಲಕ್ಕೆ. ನನಗಾಗಿ ತೊಂದರೆ ತಗೋಬೇಡ, ಬಲಕ್ಕೆ. ಅಳಬೇಡ? ಸೀಮೆಸುಣ್ಣ ಗಾಳಿಯಲ್ಲೇ ನಿಂತಿತು. ನಾನು ಹಿಂದಿನಿಂದ "ಅತ್ರೂ ಪರವಾಗಿಲ್ಲ, ಬಲಕ್ಕೆ ಹಾಕು" ಎಂದೆ. ಜನ ನಕ್ಕರು. ಅವನು ನಗಲಿಲ್ಲ. ಬೋರ್ಡೆಲ್ಲ ಕಲಸಿ ಹೋಗಿತ್ತು, ಅವನ ತೋಳಿಗೂ ಬಿಳಿ ಪುಡಿ ಮೆತ್ತಿಕೊಂಡಿತ್ತು.

ನತೇಲಾಗೆ ಮಾತ್ರ ಸಮಾಧಾನವಾಗಿರಲಿಲ್ಲ. ಅವಳು ಸ್ವಲ್ಪ ದನಿ ತಗ್ಗಿಸಿ ಕೇಳಿದಳು. "ಮೇಷ್ಟ್ರೇ, ನಾನು ನೋಡ್ಕೊಳ್ಳೋ ಅಜ್ಜಿ ಇದಾಳಲ್ಲ, ದಿನಾ ಹೇಳ್ತಾಳೆ, 'ನನ್ನ ಮಗನಿಗೆ ಫೋನ್ ಮಾಡಬೇಡ, ಅವನಿಗೆ ತುಂಬಾ ಕೆಲಸ, ತೊಂದ್ರೆ ಕೊಡಬೇಡ' ಅಂತ. ಮೂರು ತಿಂಗಳಾಯ್ತು, ನಾನು ಮಾಡಿಲ್ಲ. ಒಳ್ಳೇ ಕೆಲಸದವಳು ಅಂದ್ರೆ ಹೇಳಿದ ಮಾತು ಕೇಳೋಳು ಅಂದ್ಕೊಂಡೆ. ಅದು ಯಾವ ಪಟ್ಟಿಗೆ ಸೇರತ್ತೆ?"

ಅಬೀಲಿಯೊ ಸೀಮೆಸುಣ್ಣ ಕೆಳಗಿಟ್ಟ. ಕುರ್ಚಿ ಹುಡುಕಿಕೊಂಡು ಕೂತ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಹುಷಾರಿಲ್ಲವೇನೋ ಎಂದು ನಾನು ಎದ್ದೆ.

"ಮಾಡು" ಅಂದ ಅವನು ನತೇಲಾಗೆ. "ಇವತ್ತೇ ಮಾಡು. ಈಗ್ಲೇ ಹೊರಗೆ ಹೋಗಿ ಮಾಡು."

ಅವಳು ಅವನ ಮುಖ ನೋಡಿ ಹೆದರಿ ಫೋನ್ ಹಿಡಿದು ಎದ್ದು ಹೋದಳು. ಅವನು ನಮ್ಮ ಯಾರ ಮುಖವನ್ನೂ ನೋಡದೆ ಹೇಳತೊಡಗಿದ. ಹನ್ನೊಂದು ವರ್ಷದಿಂದ ಊರಿಗೆ ಗೊತ್ತಿಲ್ಲದ್ದನ್ನು ಪರದೇಶದವರ ಮುಂದೆ ಹೇಳಿದ. ಅರ್ಧಕ್ಕರ್ಧ ಅವರಿಗೆ ಅರ್ಥವಾಗುವುದಿಲ್ಲ ಎಂದೇ ಧೈರ್ಯ ಬಂದಿತ್ತೋ ಏನೋ.

"ಅದು ನಮ್ಮಮ್ಮನ ಕೊನೇ ವಾರ. ಸೆಪ್ಟೆಂಬರ್ ಕೊನೆ. ತೋರೊದಲ್ಲಿ ದ್ರಾಕ್ಷಿ ಕೊಯ್ಲು. 'ಗಾಸ್ಪರ್‌ಗೆ ಫೋನ್ ಮಾಡಬೇಡ ಕಣೋ, ಅವನ ಕೊಯ್ಲು ಮುಗೀಲಿ' ಅಂದ್ಲು. ಸೋಮವಾರ ಅಂದ್ಲು, ಮಂಗಳವಾರ ಅಂದ್ಲು, ಬುಧವಾರಾನೂ ಅಂದ್ಲು. ನಾನು ಮಾಡ್ಲಿಲ್ಲ. ಅಮ್ಮನ ಮಾತು. ಶುಕ್ರವಾರ ಬೆಳಿಗ್ಗೆ ಹೋಗಿಬಿಟ್ಲು. ಗಾಸ್ಪರ್ ಬಂದಾಗ ಶವದ ಪೆಟ್ಟಿಗೆ ಮುಚ್ಚಿತ್ತು. ಅವನ ಉಗುರಲ್ಲಿ ಇನ್ನೂ ದ್ರಾಕ್ಷಿ ಬಣ್ಣ ಇತ್ತು. 'ಅಮ್ಮ ಬೇಡ ಅಂದ್ಲು' ಅಂದೆ. 'ಲೋ ದಡ್ಡ, ತಾಯಿ ಫೋನ್ ಮಾಡಬೇಡ ಅಂದ್ರೆ ಮಾಡಬೇಕು ಕಣೋ' ಅಂತ ಎಲ್ಲರ ಮುಂದೆ ಕೂಗಿದ. ನನಗೂ ಸಿಟ್ಟು ಬಂತು. ಏಳು ವರ್ಷ ಅವಳ ಮಗ್ಗುಲು ತಿರುಗಿಸಿದವನು ನಾನು. 'ಇನ್ನು ಈ ಮನೆ ಹೊಸ್ತಿಲು ತುಳೀಬೇಡ' ಅಂದೆ. ನಾಳೆ ಬರ್ತಾನೆ, ನಾಡಿದ್ದು ಬರ್ತಾನೆ ಅಂತ ಕಾದೆ. ಅವನಿಗೆ ಗೊತ್ತಿರ್ಬೇಕಿತ್ತಲ್ಲ? ಅಷ್ಟು ಗೊತ್ತಿದ್ದವನು ಅವನು. ನನಗೇ ಪಾಠ ಹೇಳಿದವನು. ಯಾಕೆ ಬರ್ಲಿಲ್ಲ?"

ಎಂಟು ದಿನದ ಹಿಂದೆ ಇದೇ ಮನುಷ್ಯನಿಗೆ "ಬರಬೇಡ ಅಂದ್ರೆ ಬರಬೇಡ ಅಂತ" ಎಂದು ತೀರ್ಪು ಕೊಟ್ಟವಳು ನಾನು. ನಾಲಿಗೆ ಕಚ್ಚಿಕೊಂಡು ಕೂತೆ.

"ಈಗ ಅವನು ಬರಬೇಡ ಅಂದಿದಾನೆ" ಎಂದ ಅಬೀಲಿಯೊ. "ಸೇಡಿಗೆ ಅಂದ್ನೋ, ನಿಜಕ್ಕೂ ಬೇಡವೋ, ಬರಲಿ ಅಂತಾನೋ. ಎಂಟು ದಿನದಿಂದ ತಿರುಗಿಸಿ ತಿರುಗಿಸಿ ನೋಡ್ತಿದೀನಿ. ಒಂದು ಸಲ ಮಾತು ಕೇಳಿ ಕೆಟ್ಟೆ. ಈಗ ಕೇಳದೆ ಹೋಗಿ, ಅವನು ಬಾಗಿಲು ಹಾಕಿಬಿಟ್ರೆ?"

ಲಮೀನ್ ಪದ ಹುಡುಕಿ ಹುಡುಕಿ ಮಾತಾಡುವವನು. "ಮೇಷ್ಟ್ರೇ, ನಮ್ಮಣ್ಣ ಬಂಜುಲ್‌ನಲ್ಲಿ ಇದಾನೆ. ಬರಬೇಡ ಅಂದ್ರೂ ಹೋಗೋಕಾಗಲ್ಲ, ಬಾ ಅಂದ್ರೂ ಹೋಗೋಕಾಗಲ್ಲ. ನಿಮ್ಮ ತಮ್ಮ ಎಷ್ಟು ದೂರ?"

"ಮೂವತ್ತಮೂರು ಕಿಲೋಮೀಟರು."

ಅಷ್ಟರಲ್ಲಿ ನತೇಲಾ ಒಳಗೆ ಬಂದಳು. ಫೋನಿನಲ್ಲಿ ಆ ಮಗ ಅತ್ತನಂತೆ. ಭಾನುವಾರ ಬರುತ್ತಾನಂತೆ. (ಬಂದ. ಮುದುಕಿ ನತೇಲಾಳನ್ನು "ಫೋನ್ ಮಾಡಬೇಡ ಅಂದಿರ್ಲಿಲ್ವಾ" ಎಂದು ಚೆನ್ನಾಗಿ ಬೈದು, ಶನಿವಾರವೇ ತಲೆ ಬಾಚಿಸಿಕೊಂಡು ಮುತ್ತಿನ ಓಲೆ ಹಾಕಿಸಿಕೊಂಡಳಂತೆ.)

ಪಾಠ ಮುಗಿದ ಮೇಲೆ ಅಬೀಲಿಯೊ ನನ್ನ ಅಂಗಡಿಯ ಅರ್ಧ ಎಳೆದ ಷಟರಿನ ಕೆಳಗೆ ಬಗ್ಗಿ ಬಂದ. "ನಾಳೆ ಮಧ್ಯಾಹ್ನದ ಬಸ್ಸು. ಅರ್ಧ ಕಿಲೋ ಅಸೆಯ್ತಾದ ಬೇಕು" ಅಂದ. ಅಸೆಯ್ತಾದ ಎಂದರೆ ಎಣ್ಣೆ, ಸೋಂಪು ಹಾಕಿ, ಮೇಲೆ ಚಾಕುವಿನಿಂದ ಶಿಲುಬೆ ಗುರುತು ಕೊರೆದು ಮಾಡುವ ಬಿಸ್ಕತ್ತು. ಈಸ್ಟರ್ ಹಿಂದಿನ ವಾರ ಮಾತ್ರ ಮಾಡುತ್ತೇವೆ. ಅವನ ತಾಯಿ ಮಾಡುತ್ತಿದ್ದುದನ್ನು ಇಡೀ ಬೀದಿ ತಿಂದಿತ್ತು.

"ಮೇ ತಿಂಗಳಲ್ಲಿ ಅಸೆಯ್ತಾದ ಕೇಳೋನು ನೀನೊಬ್ಬನೇ. ಮಾಡಲ್ಲ ಹೋಗು" ಎಂದೆ. ಅವನು ಮೊದಲ ಬಾರಿಗೆ ಸ್ವಲ್ಪ ನಕ್ಕ. ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದೆ. ಒಂದು ಕಿಲೋ ಆಯಿತು.

ತೋರೊದಲ್ಲಿ ನಡೆದದ್ದನ್ನು ಅವನು ನನಗೆ ಮೂರು ಸಲ ಹೇಳಿದ್ದಾನೆ, ಮೂರು ಸಲವೂ ಸ್ವಲ್ಪ ಬೇರೆಯಾಗಿ. ಆಮೇಲೆ ಫೆಲಿಸಾಳನ್ನೂ ಕೇಳಿದ್ದೇನೆ. ಎಲ್ಲ ಕೂಡಿಸಿದರೆ ಹೀಗೆ. ಬಾಗಿಲು ತೆರೆದವಳು ಫೆಲಿಸಾ. ಅವಳು ಪಕ್ಕಕ್ಕೆ ಸರಿದಳು. ಗಾಸ್ಪರ್ ಕಿಟಕಿಯ ಪಕ್ಕ, ಆ ಮೇ ಬಿಸಿಲಿನಲ್ಲೂ ಮೊಣಕಾಲ ಮೇಲೆ ಕಂಬಳಿ ಹೊದ್ದು ಕೂತಿದ್ದ. ಮೂಟೆ ಎತ್ತುತ್ತಿದ್ದ ಆಳು, ಅರ್ಧವಾಗಿದ್ದ.

"ಬರಬೇಡ ಅಂದಿದ್ನಲ್ಲ" ಎಂದ.

"ಹೂಂ, ಅಂದಿದ್ದೆ."

"ಮತ್ತೆ?"

"ಗೊತ್ತಿಲ್ಲ" ಎಂದ ಅಬೀಲಿಯೊ. ಅದು ನಿಜವಾದ ಉತ್ತರ. ಇಡೀ ಬಸ್ಸಿನಲ್ಲಿ ಅವನು ಬೇರೆ ಉತ್ತರ ಹುಡುಕಿದ್ದ, ಸಿಕ್ಕಿರಲಿಲ್ಲ.

ಗಾಸ್ಪರ್ ಅವನ ಬೆರಳಿಗೆ ನೇತಾಡುತ್ತಿದ್ದ ಕಟ್ಟು ನೋಡಿದ. "ಅದೇನು?"

"ಏನಿಲ್ಲ."

"ಬಿಚ್ಚಬೇಡ. ನನಗೆ ಏನೂ ಸೇರಲ್ಲ."

ಅಬೀಲಿಯೊ ಬಿಚ್ಚಿದ. ಸೋಂಪಿನ ವಾಸನೆ ಎದ್ದಿತು. ಗಾಸ್ಪರ್ ಒಂದು ಬಿಸ್ಕತ್ತು ಕೈಗೆ ತೆಗೆದುಕೊಂಡು ಬಹಳ ಹೊತ್ತು ಶಿಲುಬೆ ಗುರುತಿನ ಮೇಲೆ ಬೆರಳಾಡಿಸಿದ. ಆಮೇಲೆ ಒಂದು ಮೂಲೆ ಕಡಿದ. ಅಗಿಯಲು ಕಷ್ಟವಾಗುತ್ತಿತ್ತು, ಕಣ್ಣಲ್ಲಿ ನೀರು ಬಂತು. ಅದು ಯಾವುದರ ನೀರು ಎಂದು ಫೆಲಿಸಾಗೂ ಗೊತ್ತಾಗಲಿಲ್ಲವಂತೆ.

"ಅಮ್ಮ ಬೇಡ ಅಂದ್ಲು ಕಣೋ. ನಾನು ಮಾತು ಕೇಳ್ದೆ" ಎಂದ ಅಬೀಲಿಯೊ.

"ನಾನೂ ಕೇಳ್ದೆ. ನೀನು ಹೊಸ್ತಿಲು ತುಳೀಬೇಡ ಅಂದೆ, ನಾನು ತುಳೀಲಿಲ್ಲ. ಎರಡು ಸಲ ನಿನ್ನ ಬೀದಿ ತುದಿವರೆಗೂ ಬಂದು ಹೋಗಿದೀನಿ." ಗಾಸ್ಪರ್ ಬಾಯಿ ಒರೆಸಿಕೊಂಡ. "ಚಿಕ್ಕವರಿದ್ದಾಗ ನಾವಿಬ್ರೂ ಅಮ್ಮನ ಒಂದು ಮಾತೂ ಕೇಳ್ತಿರ್ಲಿಲ್ಲ. ಚಪ್ಪಲಿ ಹಿಡ್ಕೊಂಡು ಓಡಿಸ್ಕೊಂಡು ಬರೋಳು. ಮುದುಕರಾದ ಮೇಲೆ ನೋಡು, ಎಷ್ಟು ಒಳ್ಳೆ ಮಕ್ಕಳಾದ್ವಿ."

ಇಬ್ಬರೂ ನಕ್ಕರಂತೆ. ನಗಬೇಡಿ, ಹೊಲಿಗೆ ಎಳೆಯುತ್ತದೆ ಎಂದು ಫೆಲಿಸಾ ಅಡುಗೆಮನೆಯಿಂದ ಕೂಗಿದಳಂತೆ. ಮತ್ತೆ ನಕ್ಕರಂತೆ. ಆಮೇಲೆ ಗಾಸ್ಪರ್ ನಿದ್ದೆ ಹೋದ, ಎದ್ದ, ಒಂದು ಗುಟುಕು ವೈನು ಕೇಳಿದ, ಫೆಲಿಸಾ ಕೊಡುವುದಿಲ್ಲ ಎಂದಳು, ಕೊಟ್ಟಳು. ಅಬೀಲಿಯೊಗೂ ಒಂದು ಲೋಟ ಸುರಿದಳು. ಅವನು ಕುಡಿದ.

ಸಾಮೋರಾಕ್ಕೆ ಹೊರಡುವ ಕೊನೆಯ ಬಸ್ಸು ಏಳೂವರೆಗೆ. ಅಬೀಲಿಯೊ ಏಳು ಇಪ್ಪತ್ತಕ್ಕೆ ಎದ್ದ. ಬಸ್ ನಿಲ್ದಾಣ ಬೀದಿಯ ತುದಿಯಲ್ಲೇ, ಕಿಟಕಿಯಿಂದ ಕಾಣುತ್ತದೆ. ಅವನು ಬಾಗಿಲ ಹತ್ತಿರ ಹೋದಾಗ ಗಾಸ್ಪರ್ ಕುರ್ಚಿಯಿಂದಲೇ ಅಂದ.

"ಓಡಬೇಡ."

ನಮ್ಮ ಕಡೆ ಪ್ರಯಾಣ ಹೊರಟವರಿಗೆಲ್ಲ, ಅವಸರ ಮಾಡದೆ ಹುಷಾರಾಗಿ ಹೋಗು ಎಂಬ ಅರ್ಥದಲ್ಲಿ, ಹೀಗೆ ಹೇಳುತ್ತೇವೆ. ತಾಯಂದಿರು ಕಾರಿನ ಕಿಟಕಿಗೆ ಬಗ್ಗಿ ಹೇಳುತ್ತಾರೆ. ಅದಕ್ಕೆ ಯಾರೂ ಲಕ್ಷ್ಯ ಕೊಡುವುದಿಲ್ಲ. ಅಬೀಲಿಯೊ ಮಾತ್ರ ಮೆಟ್ಟಿಲ ಮೇಲೆ ನಿಂತುಬಿಟ್ಟ. ಮೂವತ್ತೊಂದು ಬೇಸಿಗೆ ಅವನು ಬೇರೆಯವರಿಗೆ ಕೂಗಿದ್ದನ್ನು ಅವನಿಗೆ ಯಾರೂ ಹೇಳಿರಲಿಲ್ಲ, ತಾಯಿ ಹೋದ ಮೇಲಂತೂ ಇಲ್ಲವೇ ಇಲ್ಲ. ಅವನು ಬೀದಿಗೆ ಇಳಿದು ನಡೆದ. ಒಂದೊಂದೇ ಹೆಜ್ಜೆ. ಬಸ್ಸು ನಿಂತಿತ್ತು, ಬಾಗಿಲು ತೆರೆದಿತ್ತು, ಚಾಲಕ ಕನ್ನಡಿಯಲ್ಲಿ ನೋಡುತ್ತಿದ್ದ.

"ಓಡಿದ್ರೆ ಸಿಗ್ತಿತ್ತಾ?" ಎಂದು ನಾನು ಆಮೇಲೊಮ್ಮೆ ಅವನನ್ನು ಕೇಳಿದೆ.

"ಸಿಗ್ತಿತ್ತು" ಅಂದ.

ಬಸ್ಸು ಹೋಯಿತು. ಅವನು ತಿರುಗಿ ಬಂದು ಬಾಗಿಲು ತಟ್ಟಿದ. ಕಿಟಕಿಯಿಂದ ಎಲ್ಲವನ್ನೂ ನೋಡಿದ್ದ ಗಾಸ್ಪರ್ "ನೋಡು, ಮತ್ತೆ ಹೇಳಿದ ಮಾತು ಕೇಳ್ದ" ಎಂದನಂತೆ.

ಮರುದಿನ ಬೆಳಿಗ್ಗೆ ಅಂಗಡಿಯ ಫೋನು ರಿಂಗಾಯಿತು.

"ಕಾಸಿಲ್ದಾ, ಇವತ್ತಿನ ಪಾಠಕ್ಕೆ ಬರೋಕಾಗಲ್ಲ. ನೀನೇ ನೋಡ್ಕೋ."

"ನಾನಾ? ನನಗೇನು ಬರತ್ತೆ? ಬೆಳಿಗ್ಗೆ ಬಸ್ಸಿದೆಯಲ್ಲ?"

"ಇದೆ. ಆದ್ರೆ ಗಾಸ್ಪರ್ ಹೇಳ್ತಿದಾನೆ..." ಅವನ ದನಿ ಅಲ್ಲಿಗೆ ನಿಂತಿತು. ಹಿಂದೆ ಯಾರೋ ಕೆಮ್ಮುವುದು ಕೇಳಿಸಿತು. "ಇಲ್ಲಿ ಉಳೀಬೇಡ, ನನಗೋಸ್ಕರ ಉಳೀಬೇಡ ಅಂತಿದಾನೆ. ರಾತ್ರಿಯಿಂದ ಮೂರು ಸಲ ಹೇಳ್ದ."

ಈ ಸಲ ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡೆ.

"ಅದಕ್ಕೇ" ಎಂದ ಅಬೀಲಿಯೊ, "ಪಕ್ಕದ ಮನೆಯವರ ಹತ್ರ ನನ್ನ ಬೀಗದ ಕೈ ಇದೆ. ನಾಲ್ಕು ಜೊತೆ ಬಟ್ಟೆ ಕಟ್ಟಿ ಬಸ್ಸಿಗೆ ಹಾಕು. ಅಮ್ಮನ ಕಂಬಳೀನೂ ಹಾಕು. ಬಿಸ್ಕತ್ತು ಏನೂ ಕಳಿಸಬೇಡ."

ಎರಡು ಕಿಲೋ ಕಳಿಸಿದೆ.